ಬಲೆ ಕೊಟ್ಟಿಗೆಯ ಸಬೀನಾಳ ಸರದಿ

ಇಲ್ಲ, ನೀನು ಏನು ಬೇಕಾದರೂ ಹೇಳು, ಆ ಕುರ್ಚಿ ತೇಲಿದ್ದು ತೇಲಿದ್ದೇ. ಕುದುರೆ ಕೂದಲು ತುಂಬಿದ ಕುರ್ಚಿ ನೀರಲ್ಲಿ ಮುಳುಗುತ್ತದೆ ಎನ್ನುತ್ತೀಯಲ್ಲ, ನೀನು ಎಷ್ಟು ಕುರ್ಚಿಗಳನ್ನು ಸಮುದ್ರಕ್ಕೆ ಬಿಟ್ಟು ನೋಡಿದ್ದೀಯ? ನಾನು ಒಂದನ್ನು ನೋಡಿದ್ದೇನೆ. ಅದರ ಮೇಲೆ ನಮ್ಮ ಪುರಸಭೆಯ ಸದಸ್ಯರಾದ ಗಿಲ್ಸಿನನ್ ಸಾಹುಕಾರರು ಕೂತಿದ್ದರು. ಕೈಯಲ್ಲಿ ಜಪಮಾಲೆ, ತೊಡೆಯ ಮೇಲೆ ಟೋಪಿ. ಕುರ್ಚಿ ನಿಧಾನಕ್ಕೆ ನೆಲ ಬಿಟ್ಟು ಎದ್ದಿತು, ಮೂಗನ್ನು ಅಮೆರಿಕದ ಕಡೆ ತಿರುಗಿಸಿತು. ಸಾಹುಕಾರರು ಪಾದ್ರಿಗಳ ಪೂಜೆಗೆ ಲ್ಯಾಟಿನ್ನಿನಲ್ಲಿ ಉತ್ತರ ಹೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಸರಿ, ನಿನ್ನ ಸಮಾಧಾನಕ್ಕೆ ತೇಲಲಿಲ್ಲ ಅನ್ನು, ಅಲುಗಾಡಿತು ಅನ್ನು. ಅಷ್ಟಕ್ಕೆ ನಿನ್ನ ಜೊತೆ ಜಗಳ ಕಾಯುವುದಿಲ್ಲ. ಆದರೆ ಬೀದಿಯ ಜನವೆಲ್ಲ ಮೊಣಕಾಲುದ್ದ ಸಮುದ್ರದಲ್ಲಿ ಕೂತು ಪೂಜೆ ಕೇಳಿದರು, ಒಬ್ಬರೂ ಏಳಲಿಲ್ಲ ಎಂಬುದರಲ್ಲಿ ಒಂದಕ್ಷರ ಬಿಟ್ಟುಕೊಡುವುದಿಲ್ಲ. ಮೊಣಕಾಲುದ್ದ ಎಂದರೆ ಕುಳ್ಳರ ಮೊಣಕಾಲು ಅಂತ ಇಟ್ಟುಕೋ. ಕುಳ್ಳರಿಗೂ ಮೊಣಕಾಲು ಮೊಣಕಾಲೇ.

ಸಬೀನಾ ಟೂಹಿ ಎಂಥವಳೆಂದು ಗೊತ್ತಿಲ್ಲದೆ ವಾದಕ್ಕೆ ಬರುತ್ತೀಯಲ್ಲ, ಅದೇ ನಿನ್ನ ತೊಂದರೆ. ನಮ್ಮ ರೊಸ್ಕಾಲಾದ ಧಕ್ಕೆ ಬೀದಿ ಮೇಲಿನಿಂದ ಇಳಿದು ಇಳಿದು ಸಮುದ್ರಕ್ಕೆ ಮುಟ್ಟುತ್ತದೆ. ಮೇಲ್ತುದಿಯಲ್ಲಿ ಗಿಲ್ಸಿನನ್ನರ ಅಂಗಡಿ, ಅದರ ಪಕ್ಕಕ್ಕೆ ಅವರ ಮಹಡಿ ಮನೆ. ಕೆಳಗೆ ಬಂದರೆ ನನ್ನ ಮನೆ. ನನ್ನದೂ ಆದ ಮೇಲೆ, ಕಟ್ಟಕಡೆಗೆ, ಸಬೀನಾಳದು. ಅದರಾಚೆ ಮೀನುಗಳು ವಾಸ.

ಅವಳ ಮನೆ ಮೊದಲು ಬಲೆ ಇಡುವ ಕೊಟ್ಟಿಗೆಯಾಗಿತ್ತು. ಬಲೆ ಕೊಳೆಯಬಾರದೆಂದು ಹಿಂದಿನವರು ಎತ್ತರದ ಕಲ್ಲು ಕಟ್ಟೆ ಕಟ್ಟಿ ಅದರ ಮೇಲೆ ಎಬ್ಬಿಸಿದ್ದರು. ಸಬೀನಾಳ ಅಪ್ಪ ಕೋಲ್ಮನ್ ದೋಣಿಯವನು. ಒಂದು ಬಿರುಗಾಳಿಯಲ್ಲಿ ಅವನ ಗುಡಿಸಲಿನ ಹುಲ್ಲು ಮಾಡು ಇಡಿಯಾಗಿ ಹಾರಿಹೋಯಿತು. ಎಲ್ಲಿ ಬಿತ್ತೆಂದು ಇವತ್ತಿಗೂ ತಿಳಿಯದು. ಎರಡು ಊರಿನಾಚೆ ಒಬ್ಬ ರೈತ ಆ ವರ್ಷ ಹುಲ್ಲು ಕೊಯ್ಯದೆಯೇ ಬಣವೆ ಒಟ್ಟಿದ ಎಂದು ಕೇಳಿದ್ದೇನೆ. ಕೋಲ್ಮನ್ ಹೆಂಡತಿಯನ್ನು ಕರೆದುಕೊಂಡು ಒಂದು ವಾರದ ಮಟ್ಟಿಗೆಂದು ಬಲೆ ಕೊಟ್ಟಿಗೆಗೆ ಬಂದ. ಆ ವಾರ ಮುಗಿಯಲೇ ಇಲ್ಲ. ಅಲ್ಲೇ ಒಲೆ ಹಾಕಿದ, ಹೊಗೆಗೂಡು ಎಬ್ಬಿಸಿದ, ಕಿಟಕಿ ತೆರೆದ. ಅಲ್ಲೇ ಬಲೆಗಳ ರಾಶಿಯ ಮೇಲೆ ಸಬೀನಾ ಹುಟ್ಟಿದಳು. ಅಪ್ಪ ಅಮ್ಮ ಇಬ್ಬರೂ ಅಲ್ಲೇ ತೀರಿಕೊಂಡರು. ಅವಳು ಮದುವೆ ಆಗಲಿಲ್ಲ. ಕೇಳಿದವರು ಇದ್ದರು; ಅವಳ ಜೊತೆ ಒಮ್ಮೆ ವಾದ ಮಾಡಿದ ಮೇಲೆ ಕೇಳಿದ್ದನ್ನು ಮರೆತುಬಿಡುತ್ತಿದ್ದರು.

ಹಟ ಎಂದರೆ ಹಟ. ಹೋಟೆಲಿನ ಬಟ್ಟೆ ಒಗೆಯುವ ಕೆಲಸ ಅವಳದು. ಅವಳು ಗಂಜಿ ಹಾಕಿದ ದಿಂಬಿನ ಚೀಲ ತನ್ನಷ್ಟಕ್ಕೆ ನಿಂತುಕೊಳ್ಳುತ್ತಿತ್ತು. ಡಬ್ಲಿನ್ನಿನಿಂದ ಬಂದ ವಕೀಲರೊಬ್ಬರು ಅವಳು ಇಸ್ತ್ರಿ ಮಾಡಿದ ಕಾಲರ್ ಹಾಕಿಕೊಂಡು ಪಕ್ಕಕ್ಕೆ ತಿರುಗಿ ಕಿವಿ ಕುಯ್ದುಕೊಂಡರು. ಒಂದು ಸಲ ನಮ್ಮ ಬೀದಿಯ ನಡುವೆ ಕತ್ತೆಯೊಂದು ಕಾಲೂರಿ ನಿಂತುಬಿಟ್ಟಿತು. ಜಪ್ಪಯ್ಯ ಎಂದರೂ ಅಲುಗದು. ಸಬೀನಾ ಬಟ್ಟೆ ಬುಟ್ಟಿ ಕೆಳಗಿಟ್ಟು ಅದರ ಎದುರು ತಾನೂ ನಿಂತಳು. ಮಧ್ಯಾಹ್ನ ನಿಂತವರು, ಸಂಜೆಯ ಗಂಟೆ ಹೊಡೆಯುವಾಗ ಕತ್ತೆಯೇ ಪಕ್ಕಕ್ಕೆ ಸರಿಯಿತು. ಆಮೇಲೆ ಆ ಕತ್ತೆ ಅವಳನ್ನು ಕಂಡರೆ ತಲೆ ತಗ್ಗಿಸುತ್ತಿತ್ತು. ಇದನ್ನು ನಂಬಬೇಡ, ಬೇಕಾದರೆ. ಮುಂದಿನದನ್ನು ನಂಬು.

ಅವಳಿಗೆ ಐವತ್ತರ ಹತ್ತಿರ ಬಂದಿದ್ದಾಗ ಪುರಸಭೆಯವರಿಗೆ ದೋಣಿ ಕಟ್ಟುವ ಧಕ್ಕೆಯನ್ನೂ ಅದಕ್ಕೆ ಇಳಿಯುವ ರಸ್ತೆಯನ್ನೂ ಅಗಲ ಮಾಡುವ ಮನಸ್ಸಾಯಿತು. ಲಾರಿಗಳು ಬಂದು ತಿರುಗಬೇಕು, ಅದರಲ್ಲೂ ಗಿಲ್ಸಿನನ್ನರ ಲಾರಿ ತಿರುಗಬೇಕು. ಹರೆಯದ ಇಂಜಿನಿಯರ್ ಒಬ್ಬ ಟೇಪು ಹಿಡಿದು ಬಂದ. ಸಬೀನಾಳ ಗೋಡೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದ. ಅವಳು ಸುಣ್ಣ ಬಳಿದು ಗುರುತು ಅಳಿಸಿದಳು. ಅವನು ಮತ್ತೆ ಬಂದು ಹಾಕಿದ, ಇವಳು ಮತ್ತೆ ಬಳಿದಳು. ಆ ಚಳಿಗಾಲ ಅವಳ ಗೋಡೆ ಇಡೀ ಬೀದಿಯಲ್ಲೇ ಹೆಚ್ಚು ಬೆಳ್ಳಗಿತ್ತು.

ಕಡೆಗೆ ಗಿಲ್ಸಿನನ್ನರೇ ಇಳಿದು ಬಂದು ಅವಳ ಬಾಗಿಲಲ್ಲಿ ನಿಂತರು. ಕೆಟ್ಟ ಮನುಷ್ಯ ಅಲ್ಲ. ತನಗೆ ಅನುಕೂಲವಾದದ್ದೆಲ್ಲ ಊರಿಗೂ ಅನುಕೂಲ ಎಂದು ಮನಸಾರೆ ನಂಬಿದವರು, ಅಷ್ಟೇ. ನಾನು ಆಗ ಕುದುರೆ ಗಾಡಿಯಲ್ಲಿ ಕಲ್ಲಿದ್ದಲು ಹೊಡೆಯುತ್ತಿದ್ದೆ. ಪಕ್ಕದಲ್ಲೇ ಮೂಟೆ ಇಳಿಸುತ್ತಿದ್ದುದರಿಂದ ಮಾತೆಲ್ಲ ಕಿವಿಗೆ ಬಿತ್ತು.

"ನೋಡು ಸಬೀನಾ, ಇದು ಮನೆ ಅಲ್ಲ. ಬಲೆ ಕೊಟ್ಟಿಗೆ. ಪುರಸಭೆ ನಕ್ಷೇಲಿ ಹಾಗೇ ಇದೆ. ಮನೆ ಆಗಿದ್ರೆ ಕೆಡವೋ ಮುಂಚೆ ನಿನಗೆ ಬೇರೆ ಮನೆ ಕಟ್ಟಿಕೊಡ್ಬೇಕಿತ್ತು. ಕೊಟ್ಟಿಗೆಗೆ ಅದೆಲ್ಲ ಇಲ್ಲ ಕಣಮ್ಮ."

"ಹಂಗಾದ್ರೆ ನಾನೆಲ್ಲಿಗೆ ಹೋಗ್ಲಿ ಸಾಹುಕಾರ್ರೆ?"

"ಜಿಲ್ಲಾ ಆಶ್ರಮದಲ್ಲಿ ಹೇಳಿದೀನಿ. ಬೆಚ್ಚಗಿರುತ್ತೆ. ಮೂರು ಹೊತ್ತು ಊಟ. ಒಗೆಯೋ ಕೆಲಸಾನೂ ಕೊಡ್ತಾರೆ, ಬೇಜಾರಾಗಲ್ಲ."

ಜಿಲ್ಲಾ ಆಶ್ರಮ ಎಂದರೆ ನಮ್ಮ ಕಡೆ ಹೆಸರೆತ್ತುವಾಗಲೂ ದನಿ ತಗ್ಗಿಸುತ್ತಿದ್ದರು. ದಿಕ್ಕಿಲ್ಲದವರು ಹೋಗುವ ಜಾಗ. ಹೋದವರು ನಡೆದುಕೊಂಡು ವಾಪಸು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಸಬೀನಾ ಸಾಹುಕಾರರ ಕಾಲರನ್ನೇ ನೋಡುತ್ತ, "ನಿಮ್ ಕಾಲರು ಯಾರು ಒಗೆದಿದ್ದು? ಸುಕ್ಕು ಹಾಗೇ ಇದೆ" ಎಂದು ಹೇಳಿ ಒಳಗೆ ಹೋದಳು.

ಅವಳು ಏನೋ ಯೋಚನೆ ಮಾಡುತ್ತಿದ್ದಾಳೆ ಎಂದು ನನಗೆ ಅಲ್ಲೇ ಗೊತ್ತಾಯಿತು. ಏನೆಂದು ಗೊತ್ತಾದದ್ದು ವಸಂತದಲ್ಲಿ.

ವರ್ಷಕ್ಕೆ ಎರಡು ಸಲ, ವಸಂತದಲ್ಲೊಮ್ಮೆ, ಬೇಸಗೆ ಮುಗಿದ ಮೇಲೊಮ್ಮೆ, ಪಾದ್ರಿಗಳು ಬೀದಿಗೇ ಬಂದು ಚರ್ಚಿನ ಬಲಿಪೂಜೆಯನ್ನು ಒಂದು ಮನೆಯಲ್ಲಿ ಮಾಡುತ್ತಾರೆ. ಅದು ಸರದಿ ಪ್ರಕಾರ. ಈ ಸಲ ನಿಮ್ಮ ಮನೆ, ಮುಂದಿನ ಸಲ ಪಕ್ಕದ ಮನೆ. ಸರದಿ ಬಂದ ಮನೆಯ ಅವಸ್ಥೆ ಕೇಳಬೇಡ. ಗೋಡೆಗೆ ಬಣ್ಣ, ಕಿಟಕಿಗೆ ಗಾಜು, ಗಂಡನಿಗೆ ಹೊಸ ಹಲ್ಲು. ಹತ್ತು ವರ್ಷದಿಂದ ಸೋರುತ್ತಿದ್ದ ಮಾಡು ಪಾದ್ರಿ ಬರುವ ಹಿಂದಿನ ದಿನ ನಿಲ್ಲುತ್ತದೆ. ನಮ್ಮ ಬೀದಿಯಲ್ಲಿ ಸರದಿ ಮೇಲಿನಿಂದ ಇಳಿಯುತ್ತ ನನ್ನ ಮನೆಯವರೆಗೆ ಬರುತ್ತಿತ್ತು, ಅಲ್ಲಿಂದ ಸೀದಾ ಮತ್ತೆ ಗಿಲ್ಸಿನನ್ನರ ಮನೆಗೆ ಹಾರುತ್ತಿತ್ತು. ಸಬೀನಾಳ ಮನೆಯನ್ನು ಯಾರೂ ಬೇಕೆಂದು ಬಿಟ್ಟಿರಲಿಲ್ಲ. 'ಪಾಪ, ಅವಳಿಗ್ಯಾಕೆ ತೊಂದರೆ' ಎಂದು ಒಂದು ಕಾಲದಲ್ಲಿ ಯಾರೋ ಅಂದರು. ಅದೇ ಪದ್ಧತಿಯಾಯಿತು.

ಆ ವಸಂತದಲ್ಲಿ ಪೂಜೆ ನಮ್ಮ ಮನೆಯಲ್ಲಿ. ಪೂಜೆ ಮುಗಿಯಿತು. ಪಾದ್ರಿ ಫಾದರ್ ಹೆವೆರಿನ್ ಎಲ್ಲರ ಎದುರು ಕೇಳಿದರು, "ಮುಂದಿನ ಸಲ ಯಾರ ಮನೇಲಿ?"

ಸಾಹುಕಾರರ ಹೆಂಡತಿ ಗಿಲ್ಸಿನನ್ನಮ್ಮ ಕೈಗೆ ಗವಸು ಏರಿಸುತ್ತಲೇ ಹೇಳಿದರು, "ಇನ್ನೆಲ್ಲಿ ಫಾದರ್, ಮತ್ತೆ ಮೇಲಿಂದ ಶುರು. ನಮ್ಮನೇಲೇ."

ಹಿಂದುಗಡೆ ಬಾಗಿಲ ಹತ್ತಿರ ನಿಂತಿದ್ದ ಸಬೀನಾ ಹೇಳಿದಳು, "ಮಧ್ಯ ಒಂದು ಮನೆ ಇದೆ ಫಾದರ್."

"ಯಾವುದಮ್ಮ?"

"ನಂದು."

ಗಿಲ್ಸಿನನ್ನಮ್ಮನೇ ಮೊದಲು ಬಾಯಿ ಬಿಟ್ಟರು. "ಅಲ್ಲ ಸಬೀನಾ, ನಿನ್ನ ಮನೇಲಿ ಕೂತ್ರೆ ಏಳೋಕಾಗಲ್ಲ, ಎದ್ರೆ ಕೂರೋಕಾಗಲ್ಲ. ನೀನು ನಮ್ಮನೆಗೇ ಬಾ, ಟೀ ಕೊಡೋಕೆ ಕೈ ಜೋಡಿಸುವಂತೆ."

"ಟೀ ನಾನೇ ಕೊಡ್ತೀನಿ, ನಮ್ಮನೇಲಿ. ನೀವು ಬನ್ನಿ ಕೈ ಜೋಡಿಸೋಕೆ."

ನನ್ನ ಹೆಂಡತಿ ಅಟ್ರಾಕ್ಟಾ ಕೈಯಲ್ಲಿದ್ದ ಟ್ರೇ ಹಿಡಿದುಕೊಂಡೇ ನಕ್ಕುಬಿಟ್ಟಳು; ಬಟ್ಟಲುಗಳೆಲ್ಲ ಗಲಗಲ ಎಂದವು. ಫಾದರ್ ಹೆವೆರಿನ್ ಸಾಧು ಮನುಷ್ಯ. ಇಬ್ಬರು ಹೆಂಗಸರು ಜಗಳಕ್ಕೆ ನಿಂತರೆ ಯಾರು ಹತ್ತಿರ ನಿಂತಿದ್ದಾರೋ ಅವರ ಮಾತಿಗೆ ಹೂಂ ಎನ್ನುವವರು. ಅವತ್ತು ಬಾಗಿಲಿಗೆ ಹೊರಟಿದ್ದರು, ಸಬೀನಾ ಬಾಗಿಲಲ್ಲಿದ್ದಳು. ಹೂಂ ಅಂದರು.

ಹೊರಗೆ ಬಂದ ಮೇಲೆ ಅವಳನ್ನು ಕೇಳಿದೆ. "ಯಾಕೆ ಬೇಕಿತ್ತು ನಿನಗೆ ಈ ಉಸಾಬರಿ?"

"ಫೆಸ್ಟಿ, ಕೊಟ್ಟಿಗೇಲಿ ಪೂಜೆ ಮಾಡ್ತಾರಾ?"

"ಇಲ್ಲಪ್ಪ, ಮನೇಲಿ ಮಾಡ್ತಾರೆ."

"ಹಾಂ," ಎಂದಳು. ಅಷ್ಟೇ. ನನಗೆ ಅರ್ಥವಾಗಲು ಕಲ್ಲಿದ್ದಲಿನ ಎರಡು ಮೂಟೆ ಇಳಿಸುವಷ್ಟು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕುದುರೆಗೂ ಹೇಳಿದೆ. ಪೂಜೆ ನಡೆದ ಮೇಲೆ, ಇಡೀ ಬೀದಿ ಕೂತು ಕೇಳಿದ ಮೇಲೆ, ಅದನ್ನು ಕೊಟ್ಟಿಗೆ ಎಂದು ಕರೆದು ಕೆಡವುವ ಗಂಡಸು ನಮ್ಮ ಊರಿನಲ್ಲಿ ಹುಟ್ಟಿರಲಿಲ್ಲ. ಆದರೆ ಪೂಜೆ ನಡೆಯಬೇಕು. ಆ ಸಲವೇ ನಡೆಯಬೇಕು, ಯಾಕೆಂದರೆ ಚಳಿ ಬಲಿಯುವ ಮೊದಲೇ ಕೊಟ್ಟಿಗೆ ಕೆಡವುವ ತೀರ್ಮಾನಕ್ಕೆ ಪುರಸಭೆಯ ಸಭೆ ಇತ್ತು. ಒಂದು ಸಲ ಪೂಜೆ ಮೇಲಿನ ಮನೆಗೆ ಸರಿಯಿತೋ, ಸಬೀನಾ ಆಶ್ರಮಕ್ಕೆ ಸರಿದಂತೆಯೇ.

ಆ ಬೇಸಗೆ ಪೂರ್ತಿ ಅವಳು ಒಬ್ಬಳೇ ದುಡಿದಳು. ಹೋಟೆಲಿನಿಂದ ಬಂದು ಏಣಿ ಹತ್ತುತ್ತಿದ್ದಳು. ಮಾಡಿನ ತಗಡಿಗೆ ಡಾಂಬರು ಬಳಿದಳು, ಒಳಗೋಡೆಗೆ ಹಳದಿ ಬಣ್ಣ ಹಚ್ಚಿದಳು, ನೆಲದ ಕಲ್ಲು ಎಷ್ಟು ತಿಕ್ಕಿದಳೆಂದರೆ ಅದು ಒಂದು ಅಂಗುಲ ತಗ್ಗಿತು. ನಾನು ಸಹಾಯಕ್ಕೆ ಹೋದರೆ, "ನಿನ್ ಕೈ ನೋಡ್ಕೊ, ಕಲ್ಲಿದ್ದಲು. ಮುಟ್ಟಿದ್ದೆಲ್ಲ ಮತ್ತೆ ತೊಳೀಬೇಕು. ಆಚೆ ಹೋಗು" ಎಂದು ಓಡಿಸುತ್ತಿದ್ದಳು.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸುಸೂತ್ರ. ಆದರೆ ನಮ್ಮ ಬೀದಿಯವರಿಗೆ ಒಂದು ರೋಗ ಉಂಟು. ಪಾದ್ರಿ ಬಂದಾಗ ಯಾವ ಮನೆಯಲ್ಲಿ ಏನು ಕಡಿಮೆ ಬಿದ್ದರೂ ಮಾನ ಹೋಗುವುದು ಇಡೀ ಬೀದಿಯದು. ಆದ್ದರಿಂದ ಸರದಿ ಬಂದ ಮನೆಗೆ ಅಕ್ಕಪಕ್ಕದವರು ಒಂದು ಮೇಜುಬಟ್ಟೆಯೋ ಒಳ್ಳೆಯ ಬಟ್ಟಲುಗಳೋ ಗುಟ್ಟಾಗಿ ಕೊಟ್ಟು ಬರುವುದುಂಟು. ಗುಟ್ಟಾಗಿ ಯಾಕೆಂದರೆ ಕೊಟ್ಟದ್ದು ತಿಳಿದರೆ ಆ ಮನೆಯವರಿಗೆ ಅವಮಾನ. ಪೂಜೆಯ ಹಿಂದಿನ ದಿನ ಸಬೀನಾ ಹೋಟೆಲಿನಲ್ಲಿ ಕೊನೆಯ ಬಟ್ಟೆ ಒಣಗಿಸುತ್ತಿದ್ದಳು. ನನ್ನ ಗಾಡಿಯನ್ನು ಒಬ್ಬರಾದ ಮೇಲೊಬ್ಬರು ನಿಲ್ಲಿಸಿದರು.

"ಫೆಸ್ಟಿ, ಪಾಪ ಆ ಹೆಂಗಸಿನ ಹತ್ರ ನೆಟ್ಟಗೆ ಒಂದು ಕುರ್ಚಿ ಇಲ್ಲ. ನಮ್ಮದು ಎರಡು ಒಯ್ದು ಇಡು. ಯಾರಿಗೂ ಹೇಳ್ಬೇಡ."

"ಫೆಸ್ಟಣ್ಣ, ನಮ್ಮ ಊಟದ ಮೇಜು. ಯಾರಿಗೂ ಹೇಳ್ಬೇಡ."

"ಇದು ನಮ್ಮತ್ತೆ ಕಾಲದ ಗಾಜಿನ ಬೀರು. ಹುಷಾರು. ಯಾರಿಗೂ ಹೇಳ್ಬೇಡಪ್ಪ."

ನಾನು ಯಾರಿಗೂ ಹೇಳಲಿಲ್ಲ. ಹೊರುವುದು ನನ್ನ ಕೆಲಸ, ಎಣಿಸುವುದಲ್ಲ. ಗಿಲ್ಸಿನನ್ನಮ್ಮ ಪಾದ್ರಿಗಳಿಗೆಂದು ತಮ್ಮ ಮಹಡಿಯ ದೊಡ್ಡ ಕೈಕುರ್ಚಿಯನ್ನೇ ಕಳಿಸಿದರು. ಕುದುರೆ ಕೂದಲು ತುಂಬಿದ್ದು, ಸಿಂಹದ ಕಾಲಿನದು. ಬೀದಿಯಲ್ಲಿದ್ದದ್ದೆಲ್ಲ ಆ ಒಂದು ಕೋಣೆಗೆ ಹೋಯಿತು. ಕೊನೆಗೆ ನನ್ನ ಹೆಂಡತಿಯೂ ಒಂದು ಸ್ಟೂಲು ಕೊಟ್ಟಳು. ಅದನ್ನು ಕಿಟಕಿಯಿಂದ ತಳ್ಳಬೇಕಾಯಿತು.

ಸಂಜೆ ಸಬೀನಾ ಬಂದು ಬಾಗಿಲು ತೆರೆಯಲು ನೋಡಿದಳು. ಬಾಗಿಲು ಅರ್ಧ ಹೋಗಿ ನಿಂತಿತು. ಒಳಗೆ ಮೇಜಿನ ಮೇಲೆ ಮೇಜು, ಕುರ್ಚಿಯ ಮೇಲೆ ಕುರ್ಚಿ. ಒಂದು ಬೆಕ್ಕು ಒಳಗೆ ಸಿಕ್ಕಿಕೊಂಡು ಹೊರಗೆ ಬರುವ ದಾರಿ ಕಾಣದೆ ಮಾಡಿನ ತೊಲೆಯ ಮೇಲೆ ಕೂತಿತ್ತು. ಇದು ಬೀದಿಯ ಪ್ರೀತಿ. ಈ ಪ್ರೀತಿಯ ನಡುವೆ ಒಬ್ಬ ಮನುಷ್ಯ ನಿಲ್ಲಲು ಜಾಗವಿರಲಿಲ್ಲ.

ಅವಳು ಮೆಟ್ಟಿಲ ಮೇಲೆ ಕೂತಳು. ಅವಳು ಹಾಗೆ ಕೈಚೆಲ್ಲಿ ಕೂತದ್ದನ್ನು ನಾನು ಅವತ್ತೊಂದೇ ದಿನ ಕಂಡದ್ದು. ಮೇಲಿನ ಮನೆಗಳಿಂದ ಪರದೆ ಸರಿಸಿ ಎಲ್ಲರೂ ನೋಡುತ್ತಿದ್ದರು. ಗಿಲ್ಸಿನನ್ನಮ್ಮ ಇಳಿದು ಬಂದರು.

"ಹೋಗ್ಲಿ ಬಿಡು ಸಬೀನಾ. ಸಾಮಾನೆಲ್ಲ ವಾಪಸ್ ಹೊರೋಕೆ ಹೊತ್ತೆಲ್ಲಿದೆ? ನಾಳೆ ಉಬ್ಬರ ಬೇರೆ ಜೋರಂತೆ. ನಮ್ಮನೇಲೇ ಆಗ್ಲಿ. ನಿನ್ನ ಹೆಸರಲ್ಲೇ ಆಗ್ಲಿ, ಆಯ್ತಾ?"

"ನನ್ನ ಹೆಸರು ನನ್ ಹತ್ರಾನೇ ಇರ್ಲಿ ಅಮ್ಮಾವ್ರೆ," ಎಂದು ಸಬೀನಾ ಎದ್ದಳು. ಅರ್ಧ ತೆರೆದ ಬಾಗಿಲ ಸಂದಿಯಲ್ಲಿ ಕೈ ಹಾಕಿ ಮೊದಲ ಕುರ್ಚಿಯನ್ನು ಎಳೆದು ಬೀದಿಗೆ ಇಟ್ಟಳು. ಆಮೇಲೆ ಎರಡನೆಯದು. "ಪೂಜೆ ನನ್ನ ಮನೇಲಿ. ನಿಮ್ಮ ಸಾಮಾನಿಗಲ್ಲ."

ಕತ್ತಲಾಗುವುದರೊಳಗೆ ಎಲ್ಲವನ್ನೂ ಹೊರಗೆ ಹಾಕಿದಳು. ಯಾವುದು ಯಾರದ್ದೆಂದು ಕೇಳಲಿಲ್ಲ, ಯಾರಿಗೂ ಬೈಯಲಿಲ್ಲ. ಬೀದಿಯ ಎರಡೂ ಬದಿಗೆ ಸಾಲಾಗಿ ಜೋಡಿಸಿದಳು, ನಾಟಕಕ್ಕೆ ಜೋಡಿಸಿದ ಹಾಗೆ. ಒಳಗೆ ಉಳಿದದ್ದು ಅವಳದೇ ಆದ ಒಂದು ಮೇಜು, ಎರಡು ಸ್ಟೂಲು, ಅಪ್ಪನ ಕಾಲದ ಬೆಂಚು. ಪೂಜೆಗೆ ಆ ಮೇಜು ತಗ್ಗು. ಅದಕ್ಕೆ ಬಾಗಿಲನ್ನೇ ಕೀಲಿನಿಂದ ಕಳಚಿ ಎರಡು ಮೀನಿನ ಪೀಪಾಯಿಗಳ ಮೇಲೆ ಇಟ್ಟಳು. ಅದರ ಮೇಲೆ ತಾನೇ ಒಗೆದ ಬಿಳಿ ಹಾಸು ಹರಡಿದಳು. ದೊಡ್ಡ ಚರ್ಚಿನ ಪೀಠದ ಮೇಲೆ ಅಂಥ ಬಿಳುಪು ನಾನು ನೋಡಿಲ್ಲ. ಬಾಗಿಲು ಹೋದದ್ದರಿಂದ ಬೀದಿಯಲ್ಲಿ ಕೂತವರಿಗೂ ಪೀಠ ಕಾಣುತ್ತಿತ್ತು.

ಬೆಳಿಗ್ಗೆ ಎದ್ದರೆ ನೈಋತ್ಯದ ಗಾಳಿ. ಹುಣ್ಣಿಮೆ ಕಳೆದು ಎರಡೋ ಮೂರೋ ದಿನ. ಅಂಥ ಹೊತ್ತಿನ ಉಬ್ಬರ ಹುಣ್ಣಿಮೆಯದಕ್ಕಿಂತ ಒಂದು ಕೈ ಜಾಸ್ತಿ. ನೀರು ಆಗಲೇ ಧಕ್ಕೆಯ ಕಲ್ಲು ಮುಟ್ಟಿತ್ತು. ಫಾದರ್ ಹೆವೆರಿನ್ ಪೂಜಾ ಪೆಟ್ಟಿಗೆ ಹಿಡಿದು ಬೀದಿಯ ಮೇಲ್ತುದಿಗೆ ಬಂದರು. ಗಿಲ್ಸಿನನ್ನಮ್ಮ ತಮ್ಮ ಬಾಗಿಲಲ್ಲೇ ಕಾದಿದ್ದರು. ಒಳಗೆ ಒಲೆ ಉರಿಯುತ್ತಿತ್ತು, ಹಂದಿ ಮಾಂಸ ಹುರಿಯುತ್ತಿತ್ತು. ಪೂಜೆ ಮುಗಿಯುವವರೆಗೆ ಏನೂ ತಿನ್ನಬಾರದೆಂದು ಖಾಲಿ ಹೊಟ್ಟೆಯಲ್ಲಿ ನಿಂತವರಿಗೆ ಅದರ ವಾಸನೆ ಸಾಕು.

"ಫಾದರ್, ಕೆಳಗೆ ನೀರು ಏರ್ತಾ ಇದೆ. ನಿಮಗೆ ಮೊದಲೇ ಎದೆ ಕಫ. ಇಲ್ಲೇ ಬಂದ್ಬಿಡಿ, ಜನಾನೂ ಇಲ್ಲಿಗೇ ಕರೆಸ್ತೀನಿ."

ಪಾದ್ರಿ ಕೆಳಗೆ ನೋಡಿದರು. ನೀರನ್ನು ನೋಡಿದರು. ಗಿಲ್ಸಿನನ್ನರ ಬಾಗಿಲ ಕಡೆ ಒಂದು ಕಾಲು ತಿರುಗಿತು. ನಾವೆಲ್ಲ ಬೀದಿಯ ನಡುವೆ ನಿಂತಿದ್ದೆವು. ಆ ಕಾಲು ಹೊಸಿಲು ದಾಟಿದರೆ ಸಬೀನಾಳ ಕಥೆ ಮುಗಿಯಿತು ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳು ಕೂಗಲಿಲ್ಲ. ಅಪ್ಪನ ದೋಣಿ ಬೂಟು ಹಾಕಿಕೊಂಡಿದ್ದಳು, ತೊಡೆಯವರೆಗೆ ಬರುವಂಥದ್ದು. ಕೆಳಗಿನಿಂದ ಬೀದಿಯುದ್ದಕ್ಕೂ ದಡದಡ ಹತ್ತಿ ಬಂದಳು. ಗಿಲ್ಸಿನನ್ನಮ್ಮನಿಗೆ ತಲೆ ಬಾಗಿಸಿದಳು. ಪಾದ್ರಿಗಳ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು.

"ಕೊಡಿ ಫಾದರ್, ಭಾರ ಇದೆ," ಎಂದವಳೇ ಕೆಳಗೆ ಹೊರಟಳು.

ಪೆಟ್ಟಿಗೆ ಇಲ್ಲದ ಪಾದ್ರಿ ಏನು ಮಾಡಿಯಾರು? ಪೂಜೆ ಪಾತ್ರೆ, ನಿಲುವಂಗಿ, ಪುಸ್ತಕ ಎಲ್ಲ ಅದರಲ್ಲಿ. "ಸಬೀನಾ... ಸಬೀನಾಮ್ಮ, ಸ್ವಲ್ಪ ನಿಲ್ಲು," ಎನ್ನುತ್ತ ಹಿಂದೆ ಹೋದರು. ಪಾದ್ರಿ ಹೋದ ಕಡೆ ಬೀದಿ ಹೋಗಲೇಬೇಕು. ಕಡೆಯಲ್ಲಿ ಗಿಲ್ಸಿನನ್ನಮ್ಮನೂ ಒಲೆಗೆ ಬೂದಿ ಮುಚ್ಚಿ ಇಳಿದು ಬಂದರು.

ಮೊದಲು ಪಾಪನಿವೇದನೆ, ಒಬ್ಬೊಬ್ಬರೂ ತಮ್ಮ ಪಾಪವನ್ನು ಪಾದ್ರಿಗಳ ಕಿವಿಯಲ್ಲಿ ಹೇಳಿಕೊಳ್ಳುವುದು. ಒಂದೇ ಕೋಣೆಯ ಮನೆಯಲ್ಲಿ ಅದಕ್ಕೆ ಮರೆ ಎಲ್ಲಿಯದು? ಪಾದ್ರಿ ಒಳಗೆ ಒಲೆಯ ಪಕ್ಕ ಕೂತರು, ನಾವೆಲ್ಲ ಹೊರಗೆ ಸಾಲು ನಿಂತೆವು, ಒಬ್ಬೊಬ್ಬರೇ ಒಳಗೆ. ಮಾತು ಕೇಳುತ್ತಿರಲಿಲ್ಲ, ಎಷ್ಟು ಹೊತ್ತು ಹಿಡಿಯಿತೆಂಬುದು ಮಾತ್ರ ಎಲ್ಲರಿಗೂ ಕಾಣುತ್ತಿತ್ತು. ಗಿಲ್ಸಿನನ್ ಸಾಹುಕಾರರು ಒಳಗೆ ಹೋದವರು ಬರಲೇ ಇಲ್ಲ. ಅಟ್ರಾಕ್ಟಾ ನನ್ನ ಕಿವಿಯಲ್ಲಿ, "ಅಂಗಡಿ ತಕ್ಕಡಿ ವಿಷಯಕ್ಕೆ ಬಂದಿರ್ಬೇಕು ಈಗ" ಅಂದಳು. ನನ್ನ ಸರದಿಯಲ್ಲಿ ನಾನು ಬೇಗ ಬಂದೆ. ಪಾಪ ಇರಲಿಲ್ಲ ಎಂದಲ್ಲ, ನೀರು ಬರುತ್ತಿತ್ತು.

ಮುದುಕಿಯರು ನಾಲ್ಕು ಜನ ಒಳಗೆ ಹಿಡಿಸಿದರು. ಮಿಕ್ಕವರೆಲ್ಲ ಬೀದಿಯಲ್ಲಿ ತಂತಮ್ಮ ಕುರ್ಚಿಗಳ ಮೇಲೆಯೇ ಕೂತರು. ಪಾದ್ರಿಗಳಿಗೆಂದು ಬಂದ ಸಿಂಹದ ಕಾಲಿನ ಕುರ್ಚಿಯಲ್ಲಿ ಕೂರಲು ಯಾರಿಗೂ ಧೈರ್ಯವಿಲ್ಲ, ಸಾಹುಕಾರರೇ ಕೂತರು. ಪೂಜೆ ಶುರುವಾಯಿತು. ಮೊದಲ ಅಲೆ ಬಂದು ನಮ್ಮ ಬೂಟು ನೆಕ್ಕಿ ಹೋಯಿತು. ಎರಡನೆಯದು ನೆಕ್ಕಿದ್ದು ಹೋಗಲಿಲ್ಲ. ಕಟ್ಟೆಯ ಮೇಲಿದ್ದ ಸಬೀನಾಳ ಮನೆ ಒಣಗಿತ್ತು, ನಾವು ಇಡೀ ಬೀದಿ ಅವಳ ಎದುರು ನೀರಿನಲ್ಲಿ. ಅವಳು ಬಾಗಿಲಿಲ್ಲದ ಬಾಗಿಲಲ್ಲಿ ಮಂಡಿಯೂರಿದ್ದಳು. ಪೀಠದ ಕಡೆ ಮುಖ, ಆದರೆ ಆಗಾಗ ಕತ್ತು ತಿರುಗಿಸಿ ನಮ್ಮನ್ನು ನೋಡುತ್ತಿದ್ದಳು. ಅಬ್ಬ, ಆ ನೋಟ. ಒಬ್ಬ ಎದ್ದರೆ ಎಲ್ಲರೂ ಏಳುತ್ತಾರೆ. ಎದ್ದರೆ ಅದು ಪೂಜೆಯಲ್ಲ, ಚದುರಿದ ಸಂತೆ. ಅಂತ್ಯದ ಆಶೀರ್ವಾದಕ್ಕೆ ಮೊದಲು ಎದ್ದು ಓಡಿದವನು ಇಂಥವನು ಎಂದು ಈ ಊರು ಅವನ ಮೊಮ್ಮಕ್ಕಳಿಗೂ ಹೇಳುತ್ತದೆ. ಆದ್ದರಿಂದ ಕೂತೆವು. ನನ್ನ ತೊಡೆಯ ಮೇಲೆ ಒಂದು ಏಡಿ ಹತ್ತಿ ಸ್ವಲ್ಪ ಹೊತ್ತು ಕೂತು ಇಳಿದು ಹೋಯಿತು. ಅದೂ ಭಕ್ತಿಯಿಂದಲೇ ಇತ್ತು. ಸಾಹುಕಾರರ ಕುರ್ಚಿಯ ವಿಷಯ ಆಗಲೇ ಹೇಳಿದೆ, ನೀನು ಮುಖ ಸಿಂಡರಿಸಬೇಡ.

ಪಾದ್ರಿ ತಿರುಗಿ ಆಶೀರ್ವಾದ ಮಾಡಿದರು. ಆಮೇಲೆ ತೀರ್ಥ ಚಿಮುಕಿಸುತ್ತ ನಾಲ್ಕು ಗೋಡೆಗೂ ಹೋದರು, ಈ ಮನೆಗೂ ಇದರಲ್ಲಿ ಬದುಕುವವರಿಗೂ ಶಾಂತಿ ಇರಲಿ ಎಂದರು. ಸಬೀನಾ ಆಗ ಮಾತ್ರ ತಲೆ ತಗ್ಗಿಸಿದಳು.

ಪೂಜೆಯ ನಂತರದ ತಿಂಡಿಗೆ ಪಾದ್ರಿಗಳ ಜೊತೆ ಬೀದಿಯ ಹಿರಿಯರು ಕೂರಬೇಕು. ಸಾಹುಕಾರರು ನಡುಗುತ್ತ ಒಳಗೆ ಬಂದರು, ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬಿಚ್ಚಿ ಕೊಡಿ ಸಾಹುಕಾರ್ರೆ, ಒಲೆ ಮುಂದೆ ಹಾಕ್ತೀನಿ. ಅಪ್ಪಂದು ಇದೆ, ಅಲ್ಲೀವರೆಗೆ ಹಾಕ್ಕೊಳ್ಳಿ."

"ಬೇಡ ಸಬೀನಾ, ಪರವಾಗಿಲ್ಲ."

"ಮನೆಗೆ ಬಂದವರಿಗೆ ಶೀತ ಆದ್ರೆ ನನ್ನ ಹೆಸರು ಹೋಗುತ್ತೆ."

ಬೀದಿಯ ಹೆಂಗಸರೆಲ್ಲ ಬೆನ್ನು ತಿರುಗಿಸಿ ನಿಂತರು, ಕೆಲವರು ನಿಧಾನಕ್ಕೆ. ಸತ್ತ ದೋಣಿಯವನ ಉಣ್ಣೆ ಪ್ಯಾಂಟು ಹಾಕಿಕೊಂಡು, ಅದನ್ನು ಸೊಂಟಕ್ಕೆ ಮೀನಿನ ಹುರಿಯಿಂದ ಕಟ್ಟಿಕೊಂಡು, ಸಾಹುಕಾರರು ಪಾದ್ರಿಗಳ ಎದುರು ಕೂತರು. ಬಿಸಿ ಸೋಡಾ ರೊಟ್ಟಿ, ಬೆಣ್ಣೆ, ತಲೆ ಕತ್ತರಿಸಿ ಇಟ್ಟ ಬೇಯಿಸಿದ ಮೊಟ್ಟೆ. ಒಂದು ತಿಂದರು. ಸುಮ್ಮನೆ ಇನ್ನೊಂದಕ್ಕೆ ಕೈ ಚಾಚಿದರು.

"ಮೊಟ್ಟೆ ಹೇಗಿದೆ ಸಾಹುಕಾರ್ರೆ?"

"ಚೆನ್ನಾಗಿದೆ," ಎಂದರು. ಸ್ವಲ್ಪ ಹೊತ್ತು ಗೋಡೆ ನೋಡಿದರು, ಮಾಡು ನೋಡಿದರು. "ಬೆಚ್ಚಗಿದೆ ಕಣಮ್ಮ ಇಲ್ಲಿ."

ಪುರಸಭೆಯ ಸಭೆ ನವೆಂಬರಿನಲ್ಲಿ. ನಮ್ಮ ಬೀದಿಯ ಹೆಂಗಸರೆಲ್ಲ ಹೆಣಿಗೆ ಹಿಡಿದುಕೊಂಡು ಹೋಗಿ ಹಿಂದಿನ ಬೆಂಚುಗಳಲ್ಲಿ ಕೂತರು, ಗಿಲ್ಸಿನನ್ನಮ್ಮನೂ ಕೂಡ. ಅವರ ಹೆಣಿಗೆ ಎಲ್ಲರದಕ್ಕಿಂತ ದಪ್ಪ. ಸಬೀನಾ ಅಂಚಿನಲ್ಲಿ, ಒಗೆಯುವ ಏಪ್ರನ್ನಿನಲ್ಲೇ. ಇಂಜಿನಿಯರ್ ನಕ್ಷೆ ಬಿಡಿಸಿ ಗೋಡೆಗೆ ಅಂಟಿಸಿದ.

"ಧಕ್ಕೆ ಅಗಲ ಆಗ್ಬೇಕಾದ್ರೆ ಇಲ್ಲಿರೋ ಬಲೆ ಕೊಟ್ಟಿಗೆ ಒಂದು ತೆಗೀಬೇಕು. ಬೇರೆ ಅಡ್ಡಿ ಇಲ್ಲ."

ಸಾಹುಕಾರರು ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಒರೆಸಿದರು. ಅವರ ಲಾರಿ ಆ ನಕ್ಷೆಯಲ್ಲಿ ಸಲೀಸಾಗಿ ತಿರುಗುತ್ತಿರುವುದು ಅವರಿಗೆ ಕಾಣುತ್ತಿತ್ತು. ಹಿಂದಿನ ಬೆಂಚಿನಲ್ಲಿ ಹೆಣಿಗೆ ಕಡ್ಡಿಗಳು ಒಂದೊಂದಾಗಿ ನಿಂತವು.

"ಯಾವ ಕೊಟ್ಟಿಗೆ?" ಎಂದರು.

"ಧಕ್ಕೆ ಬೀದಿ ಕೊನೇದು ಸಾರ್."

"ಅಲ್ಲಿ ಕೊಟ್ಟಿಗೆ ಇಲ್ಲ."

"ನಕ್ಷೇಲಿ ಇದೆಯಲ್ಲ ಸಾರ್."

"ನಕ್ಷೆ ಬಂದಿತ್ತೇನಯ್ಯ ಪೂಜೆಗೆ? ನಾನು ಹೋಗಿದ್ದೆ. ನನ್ನ ಪಾಪ ಅಲ್ಲಿ ಹೇಳ್ಕೊಂಡಿದೀನಿ. ಪಾದ್ರಿಗಳ ಎದುರು ಕೂತು ಎರಡು ಮೊಟ್ಟೆ ತಿಂ​ದಿದೀನಿ. ಕೊಟ್ಟಿಗೇಲಿ ಮೊಟ್ಟೆ ತಿನ್ನೋ ಮನುಷ್ಯನ ಥರ ಕಾಣ್ತೀನಾ ನಿನಗೆ?"

ಇಂಜಿನಿಯರ್ ಇಲ್ಲ ಎಂದ. ಇನ್ನೇನು ಹೇಳಿಯಾನು? "ಹಂಗಾದ್ರೆ ರಸ್ತೆ ಏನ್ ಮಾಡೋದು ಸಾರ್? ಆ ಮನೆ ಎದುರಿಗೇ ಇದೆ."

"ಬಗ್ಗಿಸು."

ಎಲ್ಲರೂ ಕೈ ಎತ್ತಿದರು. ಹಿಂದಿನ ಬೆಂಚಿನಲ್ಲಿ ಕಡ್ಡಿಗಳು ಮತ್ತೆ ಟಕಟಕ ಶುರುವಾದವು. ಸಬೀನಾ ಎದ್ದು, "ಮುಗೀತಲ್ಲ? ಹಂಡೇಲಿ ಬಟ್ಟೆ ಕುದೀತಾ ಇದೆ" ಎಂದು ನಡೆದುಬಿಟ್ಟಳು. ನಾನು ಅವಳ ಹಿಂದೆಯೇ ಹೊರಗೆ ಬಂದೆ. ಹೋಟೆಲಿನ ಮೂಲೆ ತಿರುಗುವವರೆಗೆ ನೆಟ್ಟಗೆ ನಡೆದಳು. ಮೂಲೆ ತಿರುಗಿದ ಮೇಲೆ ಗೋಡೆಗೆ ಕೈ ಕೊಟ್ಟು ನಿಂತಳು, ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡಳು. ನನ್ನನ್ನು ಕಂಡು, "ಏನ್ ನೋಡ್ತಾ ಇದೀಯ? ಹೋಗು, ನಿನ್ ಕುದುರೆ ಯಾರದೋ ಬೇಲಿ ತಿಂತಾ ಇರುತ್ತೆ" ಅಂದಳು. ತಿನ್ನುತ್ತಲೇ ಇತ್ತು.

ರಸ್ತೆ ಬಗ್ಗಿತು. ಈಗಲೂ ಬಗ್ಗಿಯೇ ಇದೆ. ಆ ತಿರುವಿನಲ್ಲಿ ಮೊದಲು ಪಕ್ಕೆ ತರಚಿಕೊಂಡದ್ದು ಗಿಲ್ಸಿನನ್ನರ ಲಾರಿಯೇ. ಅವರು ಇಳಿದು ನೋಡಿ ಮತ್ತೆ ಹತ್ತಿದರು. ಸಬೀನಾ ಅಲ್ಲೇ ಬದುಕಿದಳು, ಮುಪ್ಪಾದಳು, ತನ್ನ ಮಂಚದಲ್ಲೇ ತೀರಿಕೊಂಡಳು. ಅಷ್ಟರೊಳಗೆ ಸರದಿ ಅವಳ ಮನೆಗೆ ಎಷ್ಟೋ ಸಲ ಇಳಿದು ಬಂತು, ಒಂದು ಸಲವೂ ಹಾರಿ ಹೋಗಲಿಲ್ಲ. ಎರಡನೆಯ ಸಲದ ಪೂಜೆಗೆ ಏನಾಯಿತು ಗೊತ್ತೇ, ಆಗ ಫಾದರ್ ಹೆವೆರಿನ್ ಹೋಗಿ ಹೊಸಬರು ಬಂದಿದ್ದರು, ಅವರಿಗೆ ಬೆಕ್ಕು ಕಂಡರೆ ಆಗದು, ಆ ಬೆಕ್ಕೋ ತೊಲೆಯ ಮೇಲೆ ಸರಿಯಾಗಿ ಪೀಠದ ನೆತ್ತಿಗೆ ಬಂದು...

"ಫೆಸ್ಟೀ, ಎಷ್ಟು ಸಲ ಕೂಗ್ಲಿ? ಆ ಮನುಷ್ಯನ್ನ ಬಿಟ್ಟು ಒಳಗೆ ಬಾ. ಆಲೂಗಡ್ಡೆ ಆರಿಹೋಯ್ತು, ಮೀನನ್ನ ನಾಯಿ ನೋಡ್ತಾ ಇದೆ."

ಬಂದೆ ಕಣೇ ಅಟ್ರಾಕ್ಟಾ, ಬಂದೆ.